ಹುಲಿ ಎಷ್ಟು ಏಟಿಗೆ ಬೀಳಬೇಕು?

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಕತ್ತಿ ಕಾಳಗದ ಗೇಮ್ ಮಾಡಲು ಕೂತರೆ ಅದರಲ್ಲಿ ಸಳ ಬಂದೇ ಬರುತ್ತಾನೆ. ಬರಲಿ, ಸಂತೋಷ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲಿ ಮುನಿ ‘ಹೊಯ್ ಸಳ’ ಎಂದನಂತೆ, ಸಳ ಹೊಯ್ದನಂತೆ, ಹುಲಿ ಬಿತ್ತಂತೆ. ಬೇಲೂರಿನ ದೇವಸ್ಥಾನದ ಬಾಗಿಲಲ್ಲಿ ಆ ಗಳಿಗೆ ಕಲ್ಲಾಗಿ ನಿಂತಿದೆ. ಈಚೆಗೆ ಕಾಲೇಜು ಹುಡುಗರ ಒಂದು ತಂಡ ತಂದ ಗೇಮ್‌ನಲ್ಲಿ ಅದೇ ಸಳ ಅದೇ ಹುಲಿಗೆ ನಲವತ್ತು ಏಟು ಹೊಡೆಯಬೇಕಿತ್ತು. “ಹಾರ್ಡ್ ಮೋಡ್ ಅಲ್ವಾ ಸಾರ್, ಹುಲಿ ಹೆಲ್ತ್ ನಾಲ್ಕು ಪಟ್ಟು ಮಾಡಿದೀವಿ” ಅಂದರು. ಹಾರ್ಡ್ ಮೋಡ್ ಎಂದರೆ ಆಟದ ಕಷ್ಟದ ಹಂತ, ಹೆಲ್ತ್ ಎಂದರೆ ಬೀಳುವ ಮುನ್ನ ತಾಳುವಷ್ಟು ಪ್ರಾಣದ ಅಂಕಿ.

ಹತ್ತನೇ ಏಟಿನ ಹೊತ್ತಿಗೆ ಹುಲಿ ಹೇಗೆ ಹಾರುತ್ತದೆ, ಎತ್ತ ತಿರುಗುತ್ತದೆ ಎಲ್ಲ ಆಟಗಾರನಿಗೆ ಗೊತ್ತಾಗಿರುತ್ತದೆ. ಉಳಿದ ಮೂವತ್ತು ಬರೀ ಬಟನ್ ಒತ್ತುವ ಕೂಲಿ.

ಕತ್ತಿಗೆ ಡ್ಯಾಮೇಜ್, ಅಂದರೆ ಒಂದು ಏಟಿಗೆ ಕಳೆಯುವ ಹೆಲ್ತ್, ಎಷ್ಟಿಡಬೇಕು ಎಂದು ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಇಷ್ಟೇ: ಶತ್ರು ಎಷ್ಟು ಏಟಿಗೆ ಬೀಳಬೇಕು? ಅದನ್ನು ತೀರ್ಮಾನ ಮಾಡಿ, ಡ್ಯಾಮೇಜ್ ಆಮೇಲೆ ಭಾಗಿಸಿದರೆ ಬರುತ್ತದೆ. ತಲೆಯಾಡಿಸಿ ಹೋಗುತ್ತಾರೆ. ಮುಂದಿನ ವಾರ ಮತ್ತೆ, “ಕತ್ತಿಗೆ ಹತ್ತು ಜಾಸ್ತಿ ಮಾಡಿದ್ವಿ ಸಾರ್, ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ.” ಗೊತ್ತಾಗುವುದಾದರೂ ಹೇಗೆ?

ನಿಧಾನವಾಗಿ ನೋಡಿ. ಶತ್ರುವಿನ ಹೆಲ್ತ್ 100. ಕತ್ತಿಯ ಏಟು 33 ಇದ್ದರೆ ಮೂರು ಏಟಿಗೆ 99. ಉಳಿದ ಒಂದಕ್ಕಾಗಿ ನಾಲ್ಕನೇ ಏಟು ಬೇಕು. 34 ಮಾಡಿ, ಮೂರಕ್ಕೇ ಮುಗಿಯಿತು. ಒಂದೇ ಅಂಕಕ್ಕೆ ಕಾಳಗದ ಕಾಲುಭಾಗ ಹೋಯಿತು. ಈಗ 34ರಿಂದ ಒಂದೊಂದೇ ಏರಿಸುತ್ತ ಹೋಗಿ. 40, ಮೂರು ಏಟು. 45, ಮೂರು ಏಟು. 49, ಆಗಲೂ ಮೂರೇ. 50 ಮುಟ್ಟಿದಾಗ ಎರಡಾಗುತ್ತದೆ. ಅಂದರೆ ಗೇಮಿನ ಅಂಗಡಿಯಲ್ಲಿ ಕೂಡಿಟ್ಟ ವರಹವನ್ನೆಲ್ಲ ಸುರಿದು 36ರ ಕತ್ತಿ ಬಿಟ್ಟು 46ರ ಕತ್ತಿ ಕೊಂಡವನಿಗೆ ಈ ಶತ್ರುವಿನ ಮುಂದೆ ಏನೂ ಸಿಗಲಿಲ್ಲ. ಅವನ ಕೈಗೆ ತಿಳಿಯುವುದು ಏಟಿನ ಎಣಿಕೆ ಮಾತ್ರ, ಪರದೆಯ ಮೇಲೆ ಹಾರುವ ಅಂಕಿಗಳಲ್ಲ. ಡ್ಯಾಮೇಜನ್ನು 28ರಿಂದ 38ರ ನಡುವೆ ಎಲ್ಲೋ ಬೀಳುವಂತೆ ಇಟ್ಟರೂ ಇದೇ ಕಥೆ: ಸರಾಸರಿ 33, ಆದರೆ ಹತ್ತಿರ ಹತ್ತಿರ ಅರ್ಧ ಸಲ ಮೂರು ಏಟು, ಉಳಿದ ಸಲ ನಾಲ್ಕು. ಅದು ಬೇಕೆಂದೇ ಇಟ್ಟಿದ್ದರೆ ಸರಿ. ಗೊತ್ತಿಲ್ಲದೆ ಆಗಿದ್ದರೆ ‘ಕತ್ತಿ ಒಮ್ಮೊಮ್ಮೆ ಕೈಕೊಡುತ್ತೆ’ ಎಂಬ ದೂರು ಬರುತ್ತದೆ.

ಇನ್ನೊಂದು ಗುಂಡಿ, ಸೆಕೆಂಡಿನ ಲೆಕ್ಕ. ಬಾಕು 0.4 ಸೆಕೆಂಡಿಗೊಮ್ಮೆ 12, ಗಂಡುಗೊಡಲಿ 2 ಸೆಕೆಂಡಿಗೊಮ್ಮೆ 60. ಎರಡೂ ಸೆಕೆಂಡಿಗೆ 30, ಸಮ ಆಯಿತು ಎಂದು ಬಿಟ್ಟುಬಿಡುತ್ತಾರೆ. 30 ಹೆಲ್ತ್ ಇರುವ ಗೊಬ್ಲಿನ್ (ಕಥೆಗಳ ಕುಳ್ಳ ಭೂತ) ಮುಂದೆ ಬಾಕಿಗೆ ಮೂರು ಏಟು, 1.2 ಸೆಕೆಂಡ್. ಕೊಡಲಿಗೆ ಒಂದೇ ಏಟಾದರೂ 2 ಸೆಕೆಂಡ್, ಅದರಲ್ಲಿ ಅರ್ಧ ಏಟು ದಂಡ. ಈಗ ಶತ್ರುವಿಗೆ ಏಟಿನಿಂದ 8 ಕಳೆಯುವ ಕವಚ ತೊಡಿಸಿ. ಬಾಕಿನ 12 ಇಳಿದು 4 ಆಯಿತು, ಸೆಕೆಂಡಿಗೆ 10. ಕೊಡಲಿಯದು 52, ಸೆಕೆಂಡಿಗೆ 26. ಸಮ ಎಲ್ಲಿ ಉಳಿಯಿತು? ಕಳೆಯುವ ಕವಚವೇ ಬೇಕೆಂದರೆ ಏಟಿನ ಐದನೇ ಒಂದು ಪಾಲಾದರೂ ದಾಟುವಂತೆ ತಳ ಕಟ್ಟಿ. ಹೊಸಬರಿಗೆ ಶೇಕಡಾ ಲೆಕ್ಕದ ಕವಚವೇ ಕ್ಷೇಮ. ಡ್ಯಾಮೇಜನ್ನು 100ರಿಂದ ಗುಣಿಸಿ, 100ಕ್ಕೆ ಕವಚದ ಅಂಕಿ ಕೂಡಿಸಿ ಬಂದದ್ದರಿಂದ ಭಾಗಿಸುವುದು: ಕವಚ 100 ಇದ್ದರೆ ಏಟು ಅರ್ಧ, 300 ಇದ್ದರೆ ಕಾಲು, ಎಂದೂ ಸೊನ್ನೆಯಾಗುವುದಿಲ್ಲ.

ಆದ್ದರಿಂದ ಕೋಡ್ ಮುಟ್ಟುವ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಎಡಕ್ಕೆ ಶತ್ರುಗಳು, ಮೇಲೆ ಆಯುಧಗಳು. ಪ್ರತಿ ಮನೆಯಲ್ಲಿ ಹೆಲ್ತನ್ನು ಕವಚ ದಾಟಿದ ಡ್ಯಾಮೇಜಿನಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ. ಗೊಬ್ಲಿನ್ 3, ಕಾವಲು ಸಿಪಾಯಿ 6, ಕೊನೆಯ ಬಾಸ್ (ಮುಖ್ಯ ಶತ್ರು) 25–30 ಎಂದು ಮೊದಲೇ ಬರೆದಿಟ್ಟುಕೊಂಡಿದ್ದರೆ ಎಲ್ಲಿ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ. ಆಟಗಾರ ಎಷ್ಟು ಏಟು ತಿಂದು ನಿಲ್ಲಬೇಕು ಎಂಬುದಕ್ಕೂ ಇಂಥದ್ದೇ ಪಟ್ಟಿ ಬೇಕು. ಎಲ್ಲರೂ ಮರೆಯುವುದು ಅದನ್ನೇ.

ಲೆವೆಲ್ ಏರಿದಂತೆ ಪಟ್ಟಿ ಕದಲುತ್ತದೆ. ಆಯುಧ ಲೆವೆಲಿಗೆ ಶೇ 10, ಶತ್ರುವಿನ ಹೆಲ್ತ್ ಶೇ 15 ಏರಿದರೆ ಮೊದಲ ಲೆವೆಲಿನ ನಾಲ್ಕು ಏಟು ಹತ್ತನೇ ಲೆವೆಲಿಗೆ ಆರು, ಇಪ್ಪತ್ತನೆಯದಕ್ಕೆ ಹತ್ತು. ಶೇ 5 ಎಷ್ಟು ಮಹಾ ಅನ್ನಿಸುತ್ತದೆ. 1, 10, 20ನೇ ಲೆವೆಲುಗಳಿಗೆ ಮೂರು ಪಟ್ಟಿ ಮಾಡಿ ನೋಡಿ.

ಹಾರ್ಡ್ ಮೋಡ್‌ಗೆ ಬರೋಣ. ದೊಡ್ಡವರೂ ಗುಣಾಕಾರವನ್ನೇ ಮಾಡಿದ್ದಾರೆ. 2011ರ ಸ್ಕೈರಿಮ್ ಎಂಬ ಗೇಮ್‌ನ ಅತಿ ಕಷ್ಟದ ಲೆಜೆಂಡರಿ ಹಂತದಲ್ಲಿ ಆಟಗಾರನ ಏಟು ಕಾಲುಭಾಗಕ್ಕೆ ಇಳಿಯುತ್ತದೆ, ತಿನ್ನುವ ಏಟು ಮೂರು ಪಟ್ಟಾಗುತ್ತದೆ. ನಾಲ್ಕು ಏಟಿನ ಶತ್ರುವಿಗೆ ಹದಿನಾರು ಬೇಕು, ಆರು ಏಟು ತಾಳುತ್ತಿದ್ದವನು ಎರಡಕ್ಕೆ ಮಲಗುತ್ತಾನೆ. ಅಷ್ಟು ದೊಡ್ಡ ಲೋಕದಲ್ಲಿ ಮದ್ದು, ಮಂತ್ರ, ಜೊತೆಗಾರರು ಎಂದು ಜನ ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಎರಡು ಗಂಟೆಯ ನಿಮ್ಮ ಗೇಮ್‌ನಲ್ಲಿ ಆ ದಾರಿಗಳಿಲ್ಲ.

ಹಾರ್ಡ್‌ನಲ್ಲೂ ಶತ್ರು ಬೀಳುವ ಏಟಿನ ಎಣಿಕೆ ಹಾಗೇ ಇರಲಿ. ಶತ್ರು ಕೈ ಎತ್ತಿದಾಗಿನಿಂದ ಏಟು ಬೀಳುವವರೆಗಿನ ಸಮಯವನ್ನು 0.9 ಸೆಕೆಂಡಿನಿಂದ 0.6ಕ್ಕೆ ಇಳಿಸಿ. 0.4ಕ್ಕಿಂತ ಕೆಳಗೆ ಹೋಗಬೇಡಿ. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಸುಮಾರು ಕಾಲು ಸೆಕೆಂಡ್ ಬೇಕು, ಪರದೆ ಮತ್ತು ಬಟನ್ನಿನ ತಡ ಅದರ ಮೇಲೆ. ಐವರು ಸುತ್ತುವರಿದಾಗ ಒಬ್ಬನೇ ಹೊಡೆಯುತ್ತಿದ್ದರೆ ಇಬ್ಬರಿಗೆ ಬಿಡಿ. ಗುಣವಾಗುವ ಮದ್ದು ಐದಿದ್ದರೆ ಮೂರು ಕೊಡಿ. ಆಟಗಾರ ಆರು ಏಟು ತಾಳುತ್ತಿದ್ದರೆ ನಾಲ್ಕು ಮಾಡಿ, ಅದೂ ಕೊನೆಗೆ. ಸರದಿಯ ಮೇಲೆ ಆಡುವ ಗೇಮ್ ಆದರೆ ಸಮಯದ ಮಾತು ನಡೆಯುವುದಿಲ್ಲ. ಅಲ್ಲಿ ಶತ್ರುಗಳ ಜೋಡಿ ಬದಲಿಸಬೇಕು, ಗುಣಪಡಿಸುವವನ ಹಿಂದೆ ಬಿಲ್ಲುಗಾರನನ್ನು ನಿಲ್ಲಿಸಿದಂತೆ.

ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಹಳೆಯದನ್ನು ಪಕ್ಕದಲ್ಲಿ ದಿನಾಂಕ ಹಾಕಿ ಬರೆದಿಡಿ. ಆಟ ಗೊತ್ತಿಲ್ಲದವರ ಕೈಗೆ ಕೊಟ್ಟು ಸುಮ್ಮನೆ ಹಿಂದೆ ಕೂತು, ಎಲ್ಲಿ ಎಷ್ಟು ಸಲ ಸತ್ತರು ಎಂದು ಗೀಟು ಹಾಕಿಕೊಳ್ಳಿ. ನೀವೇ ಆಡಿ ನೋಡಿದ್ದು ಲೆಕ್ಕಕ್ಕಿಲ್ಲ. ಮುನ್ನೂರು ಸಲ ಆಡಿದ ಕೈಗೆ ಯಾವುದೂ ಕಷ್ಟವಲ್ಲ.

ಆ ತಂಡದ ಹುಲಿ ಈಗ 120 ಹೆಲ್ತಿನದು, ಕತ್ತಿ 24ರದು, ಐದು ಏಟು, ಈಸಿಯಲ್ಲೂ ಹಾರ್ಡ್‌ನಲ್ಲೂ. ಈಸಿಯಲ್ಲಿ ಹಾರುವ ಮುಂಚೆ ಎರಡು ಸಲ ಬಾಲ ಬಡಿಯುತ್ತದೆ, ಹಾರ್ಡ್‌ನಲ್ಲಿ ಒಂದೇ ಸಲ.