ಮಂಜಿನಲ್ಲಿ ಮಂಗಟ್ಟೆ, ಬಚ್ಚಲೊಲೆ ಪಕ್ಕ ಲೆನ್ಸು

ಕ್ಯಾಮೆರಾ ಲೆನ್ಸನ್ನು ಬಿಸಿ ಮಾಡಲು ಬಚ್ಚಲೊಲೆ ಪಕ್ಕ ಇಡಬೇಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ಜನವರಿಯಲ್ಲಿ ನಮ್ಮ ಭಾವ ಅದನ್ನೇ ಮಾಡಲು ಹೊರಟಿದ್ದರು.

ಶಿರಸಿ ಹತ್ತಿರ ನಮ್ಮ ಅಡಿಕೆ ತೋಟದ ಪಕ್ಕ ಒಂದು ಅತ್ತಿಮರ ಇದೆ. ಹಣ್ಣಾದಾಗ ಮಂಗಟ್ಟೆ, ಅಂದರೆ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ, ಬರುತ್ತದೆ. ಬೆಳಿಗ್ಗೆ ಏಳು ಗಂಟೆ, 14 ಡಿಗ್ರಿ ಚಳಿ, ಎದುರಿಗಿನ ಬೆಟ್ಟವೇ ಕಾಣದಷ್ಟು ಮಂಜು. ಹಕ್ಕಿ ಕೂತಿದೆ, ನನ್ನ ಕಣ್ಣಿಗೆ ಕಾಣುತ್ತಿದೆ. ಕ್ಯಾಮೆರಾ ಮಾತ್ರ ಫೋಕಸ್ ಹಿಡಿಯುತ್ತಿಲ್ಲ. ಜುಂಯ್ ಅಂತ ಆ ಕೊನೆಗೆ ಹೋಗುತ್ತದೆ, ಜುಂಯ್ ಅಂತ ಈ ಕೊನೆಗೆ ಬರುತ್ತದೆ, ಆಮೇಲೆ ಸುಮ್ನೆ ನಿಲ್ಲುತ್ತದೆ. ಮಂಗಟ್ಟೆ ಎರಡು ಹಣ್ಣು ನುಂಗಿ ಹಾರಿಹೋಯಿತು.

‘ಚಳಿಗೆ ಒಳಗಿನ ಗ್ರೀಸು ಗಟ್ಟಿಯಾಗಿದೆ ಮಾರಾಯಾ, ನಮ್ಮ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ಯಲ್ಲ’ ಅಂದರು ಭಾವ. ಕೇಳಿದರೆ ಹೌದು ಅನ್ನಿಸುವ ಮಾತೇ. ಇಂಥ ಮಾತುಗಳೇ ಜಾಸ್ತಿ ದಾರಿ ತಪ್ಪಿಸುತ್ತವೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಅದರಲ್ಲಿರುವ ಕೊಬ್ಬು ಹರಳಾಗುವುದು ಆ ಬಿಸಿಯಲ್ಲಿ, ಅಷ್ಟೇ. ಲೆನ್ಸಿನ ಗ್ರೀಸು ಹಾಗಲ್ಲ, ಅದು ಜೋನಿಬೆಲ್ಲದ ಹಾಗೆ. ಚಳಿ ಏರಿದಂತೆ ನಿಧಾನಕ್ಕೆ ಮಂದವಾಗುತ್ತದೆ, ದೋಸೆ ಮೇಲೆ ಬೀಳಲು ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಕ್ಯಾಮೆರಾದ ಕೈಪಿಡಿ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ 0ಯಿಂದ 40 ಡಿಗ್ರಿವರೆಗೆ ಬಳಸಬಹುದು ಅಂತಲೇ ಇರುತ್ತದೆ. ಸ್ಪಿತಿಯಲ್ಲೋ ಲಡಾಖಿನಲ್ಲೋ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಗ್ರೀಸಿನ ಮಾತು ನಿಜ. ಅಲ್ಲಿ ಗ್ರೀಸು ಮೋಟಾರನ್ನು ಎಳೆದು ಹಿಡಿಯುತ್ತದೆ, ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳ ಓಡಾಟವೂ ನಿಧಾನವಾಗುತ್ತದೆ, ಸತ್ತೇಹೋಯಿತು ಅಂದುಕೊಂಡ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿ ಅರ್ಧಗಂಟೆ ಇದ್ದು ಬಿಸಿಯಾದರೆ ಮತ್ತೆ ಎದ್ದು ಕೂರುತ್ತದೆ. ನಮ್ಮ 14 ಡಿಗ್ರಿ ಲೆನ್ಸಿಗೆ ಚಳಿಯೇ ಅಲ್ಲ.

ಹಾಗಾದರೆ ಆಗಿದ್ದೇನು? ಕ್ಯಾಮೆರಾಕ್ಕೆ ಅಂಚು ಸಿಗಲಿಲ್ಲ.

ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ. ಹೆಬ್ಬೆರಳನ್ನು ಮುಖದೆದುರು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ, ಅಲ್ವಾ? ಹತ್ತಿರ ತಂದರೆ ದೊಡ್ಡ ಜಿಗಿತ, ದೂರ ಹಿಡಿದರೆ ಸಣ್ಣ ಜಿಗಿತ. ಕ್ಯಾಮೆರಾ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದೇ ಲೆನ್ಸಿನ ಎಡಬದಿಯಿಂದ ಬಂದ ಬೆಳಕನ್ನೂ ಬಲಬದಿಯಿಂದ ಬಂದ ಬೆಳಕನ್ನೂ ಬೇರೆ ಮಾಡಿ ಎರಡು ಚಿತ್ರ ಮಾಡಿಕೊಳ್ಳುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತರೆ ಫೋಕಸ್ ಆಯಿತು. ಕೂರದಿದ್ದರೆ ಎಷ್ಟು ಜರುಗಿದೆ, ಯಾವ ಕಡೆ ಜರುಗಿದೆ ಅಂತ ಅಳೆದು, ಮೋಟಾರಿಗೆ ‘ಇಷ್ಟು ತಿರುಗು’ ಅನ್ನುತ್ತದೆ. ಇದಕ್ಕೆ ಫೇಸ್ ಡಿಟೆಕ್ಷನ್ ಅಂತ ಹೆಸರು. ಇನ್ನೊಂದು ವಿಧಾನ ಇದೆ, ಕಾಂಟ್ರಾಸ್ಟ್ ನೋಡಿಕೊಂಡು ಹೋಗುವುದು. ಅದು ಹಳೇ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹುಡುಕಿದ ಹಾಗೆ. ಮುಳ್ಳನ್ನು ದಾಟಿಸಿ, ವಾಪಸ್ ತಂದು, ದನಿ ಎಲ್ಲಿ ಚೊಕ್ಕವಾಗಿ ಬರುತ್ತದೋ ಅಲ್ಲಿ ನಿಲ್ಲಿಸುವುದು.

ಈಗ ಎರಡು ಬಿಳಿ ಪಂಚೆ ಒಂದರ ಮೇಲೊಂದು ಹಾಸಿದ್ದೀರಿ ಅಂದುಕೊಳ್ಳಿ. ಜರಿ ಅಂಚು ಇದ್ದರೆ ಎರಡು ಬೆರಳು ಜರುಗಿದರೂ ಗೊತ್ತಾಗುತ್ತದೆ. ಬರೀ ನಡುವಿನ ಬಿಳಿಯನ್ನಷ್ಟೇ ತೋರಿಸಿ ‘ಎಷ್ಟು ಜರುಗಿದೆ ಹೇಳು’ ಅಂದರೆ? ಯಾರಿಗೂ ಹೇಳಲಾಗದು. ಮಂಜು ಮಾಡುವುದು ಇದನ್ನೇ. ಕೋಟ್ಯಂತರ ನೀರಹನಿಗಳು ಬೆಳಕನ್ನು ಎಲ್ಲ ಕಡೆ ಚೆದುರಿಸಿ, ಕಪ್ಪನ್ನು ಬೂದು ಮಾಡಿ, ಬಿಳಿಯನ್ನೂ ಬೂದು ಮಾಡಿ, ಹಕ್ಕಿಯ ಅಂಚನ್ನೇ ಒರೆಸಿಹಾಕುತ್ತವೆ. ನಮ್ಮ ಮಿದುಳಿಗೆ ಮಂಗಟ್ಟೆಯ ಕೊಕ್ಕು ಮೊದಲೇ ಗೊತ್ತು, ಅರ್ಧಂಬರ್ಧ ಕಂಡರೂ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಜೊತೆಗೆ ಬೆಳಕೂ ಕಡಿಮೆ. ನಾನು ಎಫ್ 4 ಲೆನ್ಸಿಗೆ, ದೂರದ್ದನ್ನು 2 ಪಟ್ಟು ದೊಡ್ಡದು ಮಾಡಿ ತೋರಿಸುವ ಟೆಲಿಕನ್ವರ್ಟರ್ ಬೇರೆ ಹಾಕಿ ಅದನ್ನು ಎಫ್ 8 ಮಾಡಿಕೊಂಡಿದ್ದೆ (ಈ ಎಫ್ ಸಂಖ್ಯೆ ಏರಿದಷ್ಟೂ ಒಳಬರುವ ಬೆಳಕು ಕಡಿಮೆ). ಅಂದರೆ ಬರುತ್ತಿದ್ದ ಬೆಳಕಿನ ಕಾಲು ಭಾಗ ಮಾತ್ರ ಒಳಗೆ. ತಪ್ಪು ನನ್ನದೇ.

ಈ ಜಾಣತನದ ಹಿಂದೆ ದೊಡ್ಡ ಜಗಳವೇ ನಡೆದಿದೆ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಆಟೋಫೋಕಸ್ (ತಾನೇ ಫೋಕಸ್ ಮಾಡಿಕೊಳ್ಳುವ) ಕ್ಯಾಮೆರಾ 1977ರ ಕೋನಿಕಾ ಸಿ35 ಎಎಫ್. ಅದರೊಳಗಿನ ಫೋಕಸ್ ಭಾಗ ಅಮೆರಿಕದ ಹನಿವೆಲ್ ಕಂಪನಿಯದು. 1985ರಲ್ಲಿ ಮಿನೋಲ್ಟಾ ಕಂಪನಿಯ 7000 ಕ್ಯಾಮೆರಾ ಬಂದು ಪೇಟೆಯನ್ನೇ ಅಲ್ಲಾಡಿಸಿತು. ‘ನಮ್ಮ ಪೇಟೆಂಟು’ ಅಂತ ಹನಿವೆಲ್ ಕೋರ್ಟಿಗೆ ಹೋಗಿ, 1992ರಲ್ಲಿ ಮಿನೋಲ್ಟಾ 12.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನನಗೆ ಇಷ್ಟವಾದದ್ದು ಮಾತ್ರ 1978ರ ಪೋಲರಾಯ್ಡ್ ಸೋನಾರ್ ಕ್ಯಾಮೆರಾ. ಅದು ಬಾವಲಿ ಹಾಗೆ, ಕಿವಿಗೆ ಕೇಳದ ಸದ್ದು ಬಿಟ್ಟು ಮಾರ್ದನಿ ಎಣಿಸುತ್ತಿತ್ತು. ಅದಕ್ಕೆ ಅಂಚೂ ಬೇಡ, ಬೆಳಕೂ ಬೇಡ. ಮಂಜಿದ್ದರೂ ಕತ್ತಲಿದ್ದರೂ ಒಂದೇ. ಆದರೆ ಕಿಟಕಿ ಗಾಜಿನಾಚೆ ಇರುವುದನ್ನು ತೆಗೆಯಲು ಹೋದರೆ ಗಾಜಿಗೇ ಫೋಕಸ್ ಮಾಡಿ ಕೂರುತ್ತಿತ್ತು ಪಾಪ!

ಗಾಜು ಅಂದಾಗ ನೆನಪಾಯಿತು. ಕಾರೊಳಗೆ ಹೀಟರ್ ಹಾಕಿಕೊಂಡು, ಕಿಟಕಿ ಇಳಿಸಿ, ಅಲ್ಲಿಂದಲೇ ಹಕ್ಕಿ ತೆಗೆಯುವವರಿದ್ದಾರೆ. ಒಳಗಿನ ಬಿಸಿಗಾಳಿ ಹೊರಗಿನ ತಂಪುಗಾಳಿಗೆ ಸೇರುವ ಜಾಗದಲ್ಲಿ, ಒಲೆಯ ಮೇಲಿನ ಗಾಳಿ ನಡುಗುವಂತೆ, ಚಿತ್ರ ನಡುಗುತ್ತದೆ. ಲೆನ್ಸು ಒದ್ದಾಡುತ್ತದೆ. ಅದಕ್ಕೂ ಬೈಗುಳ ತಿನ್ನುವುದು ಮೋಟಾರೇ.

ನಮ್ಮ ಜಿಲ್ಲೆಯಲ್ಲಿ ಚಳಿಗಿಂತ ದೊಡ್ಡ ತೊಂದರೆ ಘಟ್ಟ ಇಳಿಯುವುದು. ಶಿರಸಿಯ ಚಳಿಯಲ್ಲಿ ರಾತ್ರಿಯಿಡೀ ಕಾರಲ್ಲಿದ್ದ ಕ್ಯಾಮೆರಾ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಕಾರವಾರದ ಕಡಲತೀರ ಸೇರುತ್ತದೆ. ಅಲ್ಲಿ ಗಾಳಿ 28 ಡಿಗ್ರಿ, ತೇವಾಂಶ ಶೇ. 70 ಇದೆ ಅನ್ನಿ. ಆಗ ಸುಮಾರು 22 ಡಿಗ್ರಿಗಿಂತ ತಂಪಾಗಿರುವುದೆಲ್ಲ ಬೆವರುತ್ತದೆ. ಬ್ಯಾಗ್ ತೆರೆದ ಕೂಡಲೇ ಗಾಜಿನ ಮೇಲೆ ಮಂಜು. ಮುಂದಿನ ಗಾಜಾದರೆ ಒರೆಸಬಹುದು, ಒಳಗಿನದಕ್ಕೆ ಏನು ಮಾಡುತ್ತೀರಿ? ಅಲ್ಲೇ ಮುಂದೆ ಬೂಸ್ಟು ಬರುವುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದನ್ನೂ ದಯವಿಟ್ಟು ಬಿಡಿ, ಲೆನ್ಸಿನ ಸಂದಿಗೆ ಅಕ್ಕಿ ಹುಡಿ ಹೋಗುತ್ತದೆ ಅಷ್ಟೇ. ಹೊರಡುವ ಮೊದಲೇ, ಮೇಲಿನ ಚಳಿಯಲ್ಲೇ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಕೆಳಗೆ ಹೋದಮೇಲೆ ಒಂದು ಗಂಟೆ ತೆರೆಯಬೇಡಿ. ಬೆವರುವುದಿದ್ದರೆ ಚೀಲ ಬೆವರಲಿ.

ಇನ್ನು ಬಚ್ಚಲೊಲೆ. ಆ ಬಿಸಿಗೆ ಗ್ರೀಸಿನ ಎಣ್ಣೆ ಬಿಟ್ಟುಕೊಂಡು ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಮ್ಮಿನ ಎಸಳುಗಳಿಗೆ ಹರಿಯಬಹುದು, ಗಾಜುಗಳನ್ನು ಕೂಡಿಸಿದ ಅಂಟು ಬಿಡಬಹುದು. ಹೊಗೆ, ಬೂದಿ ಬೇರೆ.

ಭಾವನಿಗೆ ನಾನು ತೋರಿಸಿದ್ದು ಇಷ್ಟೇ. ಕ್ಯಾಮೆರಾ ಇನ್ನೂ ತಣ್ಣಗಿರುವಾಗಲೇ ಜಗಲಿಗೆ ತಂದು, ಟ್ಯೂಬ್‌ಲೈಟ್ ಹಾಕಿ, ಗೋಡೆಯ ಕ್ಯಾಲೆಂಡರಿನ ದಪ್ಪ ಕಪ್ಪು ತಾರೀಕಿಗೆ ಹಿಡಿದೆ. ಚಕ್ ಅಂತ ಫೋಕಸ್ ಆಯಿತು. ಅದೇ ಚಳಿ, ಅದೇ ಗ್ರೀಸು. ಅಲ್ಲೂ ಆಗಿರದಿದ್ದರೆ ಮೊದಲು ಫೋಕಸ್ ತಾನೇ ಆಗಬೇಕೋ ಕೈಯಿಂದ ಮಾಡಬೇಕೋ ಅಂತ ಆರಿಸುವ, ಲೆನ್ಸಿನ ಪಕ್ಕದ ಎಎಫ್–ಎಂಎಫ್ ಗುಂಡಿ ನೋಡುತ್ತಿದ್ದೆ, ಆಮೇಲೆ ಎಷ್ಟು ದೂರದಲ್ಲಿ ಫೋಕಸ್ ಹುಡುಕಬೇಕು ಅನ್ನುವ ಮಿತಿಯ ಗುಂಡಿ, ಆಮೇಲೆ ಲೆನ್ಸು ಕೂರುವಲ್ಲಿನ ಹಿತ್ತಾಳೆ ಬಣ್ಣದ ಚುಕ್ಕಿಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ರಿಪೇರಿ ಅಂಗಡಿ ಅದಾದ ಮೇಲೆ.

ಮರುದಿನ ಕನ್ವರ್ಟರ್ ಬಿಚ್ಚಿಟ್ಟು ಹೋದೆ. ಹಕ್ಕಿಯ ಬದಲು ಅದು ಕೂತಿದ್ದ ಕೊಂಬೆಯ ಕಪ್ಪು ಅಂಚಿಗೆ ಫೋಕಸಿನ ನಡುಚುಕ್ಕಿ ಇಟ್ಟೆ. ಚಿತ್ರ ಬಂತು. ಮಂಗಟ್ಟೆ ಸಣ್ಣದಾಗಿದೆ, ಬೂದು ಬೂದಾಗಿದೆ. ‘ಇದಕ್ಕಿಂತ ನಮ್ಮ ಹಿತ್ತಲಿನ ಕಾಗೆ ಚಂದ ಬರ್ತಿತ್ತು’ ಅಂದರು ಭಾವ.