ಪ್ಯೂ ಜನ ಒಂದೇ ದಾಳಿಗೆ ಮಾಯವಾದರೇ?

ಕ್ರಿ.ಶ. 832ರಲ್ಲಿ ನಾನ್‌ಝಾವೊ ರಾಜ್ಯದ ಸೈನ್ಯ ಬರ್ಮಾದ (ಈಗಿನ ಮ್ಯಾನ್ಮಾರ್) ಒಂದು ರಾಜಧಾನಿಗೆ ನುಗ್ಗಿತು. ನಾನ್‌ಝಾವೊ ಇದ್ದದ್ದು ಈಗಿನ ಚೀನಾದ ಯುನ್ನಾನ್ ಕಡೆ. ಮೂರು ಸಾವಿರ ಜನರನ್ನು ಸೆರೆ ಹಿಡಿದು ಒಯ್ದರು ಅಂತ ಚೀನಿ ದಾಖಲೆಗಳಲ್ಲಿದೆ. ಆ ಊರು ಪ್ಯೂ ಜನರದ್ದು. ಅಲ್ಲಿಗೆ ಪ್ಯೂಗಳ ಕಥೆ ಮುಗಿಯಿತು, ಆಮೇಲೆ ಬರ್ಮನ್ನರು ಬಂದು ತಮ್ಮ ರಾಜಧಾನಿ ಬಗಾನ್ ಕಟ್ಟಿದರು ಎಂದು ಬಹಳ ಕಡೆ ಬರೆದಿರುತ್ತಾರೆ. ನನಗೆ ಈ ಕಥೆ ತೀರಾ ಸಲೀಸು ಅನ್ನಿಸುತ್ತದೆ.

ಪ್ಯೂಗಳ ಊರುಗಳಿದ್ದದ್ದು ಐರಾವತಿ ನದಿಯ ಆಸುಪಾಸಿನ ಒಣ ಬಯಲಿನಲ್ಲಿ. ಅರಾಕಾನ್ ಬೆಟ್ಟಸಾಲು ಮುಂಗಾರು ಮೋಡಗಳನ್ನು ತಡೆಯುವುದರಿಂದ ಮ್ಯಾನ್ಮಾರಿನ ನಡುಭಾಗಕ್ಕೆ ಮಳೆ ಕಮ್ಮಿ. ಅಂಥ ಕಡೆ ಭತ್ತ ಬೆಳೆಯಬೇಕಾದರೆ ಕೆರೆ, ಕಾಲುವೆ ಬೇಕೇ ಬೇಕು. ಹಲಿನ್, ಬೇಕ್‌ಥಾನೊ, ಶ್ರೀಕ್ಷೇತ್ರ ಈ ಮೂರೂ ನೀರು ಹಿಡಿಯಲು ಕಲಿತವರ ಊರುಗಳು. 2014ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮ್ಯಾನ್ಮಾರಿನಿಂದ ಆ ಪಟ್ಟಿ ಸೇರಿದ ಮೊದಲ ತಾಣಗಳು ಇವೇ.

ಇವುಗಳಲ್ಲಿ ಶ್ರೀಕ್ಷೇತ್ರವೇ ದೊಡ್ಡದು. ಈಗಿನ ಪ್ಯೇ ಪಟ್ಟಣದ ಹತ್ತಿರ, ಹೆಚ್ಚುಕಡಿಮೆ ದುಂಡಗಿನ ಇಟ್ಟಿಗೆ ಕೋಟೆಯೊಳಗೆ ಸುಮಾರು 14 ಚದರ ಕಿಲೋಮೀಟರ್ ಜಾಗ. ಅಷ್ಟೂ ಮನೆಗಳೇ ಅಂದುಕೊಳ್ಳಬೇಡಿ. ಗದ್ದೆ, ಕೆರೆ, ವಿಹಾರ, ಸ್ಮಶಾನ ಎಲ್ಲವೂ ಕೋಟೆಯ ಒಳಗೇ. ಊರು ಬೇರೆ, ಹೊಲ ಬೇರೆ ಎಂಬ ಲೆಕ್ಕ ಅವರಿಗೆ ಇರಲಿಲ್ಲ.

ಇಷ್ಟೆಲ್ಲ ಗೊತ್ತಾಗುವುದು ಹೇಗೆ? ಮೊದಲನೆಯದು ಇಟ್ಟಿಗೆ. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಸುಡುತ್ತಿದ್ದರು. ಹೊಟ್ಟು ಉರಿದು ಇಟ್ಟಿಗೆಯೊಳಗೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಅಲ್ಲಿ ಭತ್ತ ಇತ್ತು ಎನ್ನಲು ಅದೇ ಸಾಕ್ಷಿ. ಹಸಿ ಇಟ್ಟಿಗೆಯ ಮೇಲೆ ಬೆರಳಿನಿಂದ ಗೀರು ಎಳೆದಿರುವುದೂ ಕಾಣುತ್ತದೆ. ಯಾರು ಎಷ್ಟು ಇಟ್ಟಿಗೆ ಮಾಡಿಕೊಟ್ಟರು ಎಂಬ ಲೆಕ್ಕದ ಗುರುತು ಇರಬಹುದು ಎಂಬುದು ಒಂದು ಊಹೆ. ಇನ್ನೊಂದು, ಇದ್ದಿಲು. ಬೇಕ್‌ಥಾನೊದ ಕೆಲವು ಕಟ್ಟಡಗಳು ಬೆಂಕಿಗೆ ಬಿದ್ದಿದ್ದವು. ಸುಟ್ಟು ಕರಕಲಾದ ಮರದಲ್ಲಿ ಇಂಗಾಲ-14 ಎಷ್ಟು ಉಳಿದಿದೆ ಎಂದು ಅಳೆದರೆ ಕಾಲ ಸಿಗುತ್ತದೆ. 5,730 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಒಂದು ಎಚ್ಚರಿಕೆ: ಈ ಅಳತೆ ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು, ಕಂಬ ನೆಟ್ಟ ಕಾಲವನ್ನಲ್ಲ. ಹಳೇ ಮರದ ತಿರುಳು ಸಿಕ್ಕರೆ ಊರಿನ ವಯಸ್ಸು ಸುಮ್ನೆ ಜಾಸ್ತಿ ಕಾಣುತ್ತದೆ. ಎಲ್ಲ ಕೂಡಿಸಿ ನೋಡಿದರೆ, ಪ್ಯೂ ನಗರಗಳು ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 9ನೇ ಶತಮಾನದವರೆಗೆ ಬಾಳಿದವು ಎನ್ನುತ್ತಾರೆ.

ಸತ್ತವರನ್ನು ಸುಟ್ಟು, ಮೂಳೆ ಬೂದಿಯನ್ನು ಮಡಕೆಗೆ ತುಂಬಿ ಹೂಳುತ್ತಿದ್ದರು. ರಾಜರಿಗೆ ಮಾತ್ರ ಕಲ್ಲಿನ ಪಾತ್ರೆ. ಅವುಗಳ ಮೇಲೆ ಹರಿವಿಕ್ರಮ, ಸೂರ್ಯವಿಕ್ರಮ ಎಂಬ ಹೆಸರುಗಳಿವೆ. ಹೆಸರು ಸಂಸ್ಕೃತ, ಉಳಿದ ಬರಹ ಪ್ಯೂ.

ಶ್ರೀಕ್ಷೇತ್ರದ ಖಿನ್ ಬಾ ದಿಬ್ಬವನ್ನು 1926ರಲ್ಲಿ ಅಗೆದಾಗ ಕಳ್ಳರ ಕೈ ತಾಗದ ಒಂದು ಕೋಣೆ ಸಿಕ್ಕಿತು. ಒಳಗೆ ಪವಿತ್ರ ವಸ್ತುಗಳನ್ನಿಡುವ ಬೆಳ್ಳಿಯ ದೊಡ್ಡ ಕರಂಡಕ, ಜೊತೆಗೆ 20 ಚಿನ್ನದ ಎಲೆಗಳ ಒಂದು ಪುಸ್ತಕ. ಅದರ ತುಂಬ ಪಾಲಿ ಭಾಷೆಯ ಬೌದ್ಧ ಪಾಠಗಳು. ಪಾಲಿ ಬರಹ ಇಷ್ಟು ಹಳೆಯದು ಸಿಕ್ಕಿರುವುದೇ ಅಪರೂಪ. ನಮಗೆ ಕುತೂಹಲ ಹುಟ್ಟಿಸುವುದು ಅದರ ಅಕ್ಷರಗಳು. ಲಿಪಿತಜ್ಞರು ಇವನ್ನು 5-6ನೇ ಶತಮಾನದ ಕದಂಬರ ಶಾಸನಗಳ, ಆಂಧ್ರದ ಶಾಸನಗಳ ಲಿಪಿಗೆ ಹೋಲಿಸಿದ್ದಾರೆ. ಹಾಗಂತ ಬನವಾಸಿಯವರೇ ಹೋಗಿ ಬರೆದು ಬಂದರು ಎಂದು ಎದೆಯುಬ್ಬಿಸಬೇಕಿಲ್ಲ. ಅಕ್ಷರ ವ್ಯಾಪಾರಿಗಳ, ಭಿಕ್ಷುಗಳ ಜೊತೆ ಕಡಲು ದಾಟಿತ್ತು, ಪ್ಯೂಗಳು ಅದನ್ನು ತಮ್ಮ ಮಾತಿಗೂ ಒಗ್ಗಿಸಿಕೊಂಡರು.

ಆ ಮಾತು ಏನೆಂದು ತಿಳಿದದ್ದು ಬಗಾನಿನ ಮ್ಯಾಜೇದಿ ಕಂಬದಿಂದ. ರಾಜಕುಮಾರ ಎಂಬ ಹೆಸರಿನವನೇ ಒಬ್ಬ ರಾಜಪುತ್ರ, ಕಾಯಿಲೆ ಬಿದ್ದ ತಂದೆ, ಬಗಾನಿನ ದೊರೆ ಕ್ಯಾನ್‌ಸಿತ್ತನಿಗಾಗಿ ಚಿನ್ನದ ಬುದ್ಧನನ್ನು ಮಾಡಿಸಿದ. ಆ ವಿಷಯವನ್ನು ಕಂಬದ ನಾಲ್ಕು ಮುಖಗಳ ಮೇಲೆ ಪಾಲಿ, ಮೋನ್, ಬರ್ಮೀಸ್, ಪ್ಯೂ ಭಾಷೆಗಳಲ್ಲಿ ಕೆತ್ತಿಸಿದ್ದಾರೆ. ಮೂರು ಭಾಷೆ ಗೊತ್ತಿತ್ತು. ನಾಲ್ಕನೆಯದನ್ನು ಅವುಗಳ ಪಕ್ಕ ಇಟ್ಟು, 1911ರಲ್ಲಿ ಭಾಷಾತಜ್ಞ ಸಿ. ಒ. ಬ್ಲಾಗ್ಡೆನ್ ಬಿಡಿಸಿದರು. ಪ್ಯೂ ಕೂಡ ಬರ್ಮೀಸ್‌ನಂತೆ ಟಿಬೆಟೊ-ಬರ್ಮನ್ ಕುಟುಂಬದ ಭಾಷೆ ಎಂದು ತಿಳಿಯಿತು.

ಈ ಕಂಬದ ಕಾಲ ಸುಮಾರು 1113. ದಾಳಿಯಾಗಿ 280 ವರ್ಷ ಕಳೆದಿತ್ತು. ಬರ್ಮನ್ ರಾಜಮನೆತನ ಕಂಬದ ಒಂದು ಇಡೀ ಮುಖವನ್ನು ಪ್ಯೂ ಭಾಷೆಗೆ ಬಿಡಬೇಕಾದರೆ ಆ ಭಾಷೆಗೆ ಇನ್ನೂ ಮರ್ಯಾದೆ ಇತ್ತು ಅಂತಲೇ ಅರ್ಥ, ಅಲ್ವಾ? ಶ್ರೀಕ್ಷೇತ್ರದ ಬೇಬೇ, ಲೇಮ್ಯೆತ್‌ನಾ ಗುಡಿಗಳಲ್ಲಿ ಇಟ್ಟಿಗೆಯ ಕಮಾನು ಚಾವಣಿ ಇದೆ. ಬಗಾನಿನ ದೊಡ್ಡ ದೇಗುಲಗಳು ನಿಂತಿರುವುದೂ ಅಂಥ ಕಮಾನುಗಳ ಮೇಲೆಯೇ. ಪ್ಯೂ ಜನರನ್ನು ಯಾರೂ ಒಂದೇ ಏಟಿಗೆ ಅಳಿಸಿಹಾಕಲಿಲ್ಲ. ಅವರು ಬರ್ಮನ್ನರ ನಡುವೆ ಬೆರೆತರು. ಮಕ್ಕಳು ಮೊಮ್ಮಕ್ಕಳು ಬರ್ಮೀಸ್ ಮಾತಾಡತೊಡಗಿದರು, ಪ್ಯೂ ಬರೆಯುವವರು ನಿಧಾನಕ್ಕೆ ಇಲ್ಲವಾದರು.