ಫೋಟೋದ ಹೊಟ್ಟೆಯಲ್ಲಿ ಒಂದು ಚೀಟಿ

ಮಾರ್ಚ್‌ನಲ್ಲಿ ಒಂದು ಒಳ್ಳೆ ಹೂಮಳೆ ಬಿದ್ದರೆ ಸಾಕು, ವಾರ ಹತ್ತು ದಿನಕ್ಕೆ ಕೊಡಗಿನ ಕಾಫಿ ತೋಟಗಳೆಲ್ಲ ಬಿಳಿ. ಆ ಎರಡು ಮೂರು ದಿನ ನಮ್ಮ ಕುಟುಂಬದ ಗ್ರೂಪಿನಲ್ಲಿ ಹೂವಿನ ಫೋಟೋಗಳದ್ದೇ ಸುರಿಮಳೆ. ಈ ಸಲ ಅದರ ನಡುವೆ ನಮ್ಮ ಮಾವ ಒಂದು ಮೆಸೇಜ್ ಹಾಕಿದರು. 'ನನ್ನ ಫೋಟೋ ಬಳಸಲು ಫೇಸ್‌ಬುಕ್‌ಗೆ ನಾನು ಅನುಮತಿ ಕೊಟ್ಟಿಲ್ಲ, ರೋಮ್ ಶಾಸನದ ಪ್ರಕಾರ ಇದು ಅಪರಾಧ, ನೀವೂ ಕಾಪಿ ಮಾಡಿ ಹಾಕಿ' ಅಂತ. ಸಂಜೆಯೊಳಗೆ ಹನ್ನೊಂದು ಜನ ಅದನ್ನೇ ಹಾಕಿದ್ದರು.

ನನಗೆ ತಡೆಯಲಾಗಲಿಲ್ಲ. ಮಾವನಿಗೆ ಫೋನ್ ಮಾಡಿದೆ. ರೋಮ್ ಶಾಸನ ಅಂದರೆ 1998ರ ಅಂತರರಾಷ್ಟ್ರೀಯ ಒಪ್ಪಂದ. ನರಮೇಧ, ಯುದ್ಧಾಪರಾಧಗಳ ವಿಚಾರಣೆಗೆ ಇರುವುದು. ಕಾಫಿ ಹೂವಿನ ಫೋಟೋಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಈ ಮೆಸೇಜು ತಾಯತ ಇದ್ದ ಹಾಗೆ. ಕಟ್ಟಿಕೊಂಡವರಿಗೆ ಧೈರ್ಯ ಬರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಅಂಚೆಯಲ್ಲಿ ನಮ್ಮ ಫೋಟೋವನ್ನು ನಮಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡರೆ ಹಕ್ಕು ಬರುತ್ತದೆ ಅನ್ನುವುದೂ ಇದೇ ಜಾತಿಯ ನಂಬಿಕೆ.

ಹಕ್ಕು ಎಲ್ಲಿಂದಲೂ ತರಬೇಕಾಗಿಲ್ಲ. ಬಟನ್ ಒತ್ತಿದ ಗಳಿಗೆಯಲ್ಲೇ ಅದು ಹುಟ್ಟುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ, ಫೋಟೋ ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಅದು ಉಳಿಯುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಮಾವನ ಫೋಟೋಗೆ ಇಲ್ಲದಿದ್ದದ್ದು ಗುರುತು. 'ಇದು ಇಂಥವರದ್ದು' ಅಂತ ಫೋಟೋನೇ ಹೇಳಬೇಕಲ್ವಾ?

ಹೇಳಬಲ್ಲದು. ಹೇಗೆ ಅಂತ ಕಣ್ಣಾರೆ ನೋಡಬೇಕಾದರೆ ಫೋನಿನಲ್ಲಿ ತೆಗೆದ ಒಂದು ಜೆಪೆಗ್ ಫೋಟೋವನ್ನು (ಫೈಲಿನ ಹೆಸರಿನ ಕೊನೆಯಲ್ಲಿ .jpg ಇರುವಂಥದ್ದು) ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. (ತಪ್ಪಿಯೂ ಸೇವ್ ಮಾಡಬೇಡಿ, ಫೋಟೋ ಕೆಟ್ಟುಹೋಗುತ್ತದೆ.) ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆದರೆ ಮೊದಲ ಸಾಲುಗಳಲ್ಲಿ ನಿಧಾನವಾಗಿ ಕಣ್ಣಾಡಿಸಿ. ಇಂಗ್ಲಿಷಿನಲ್ಲಿ 'ಎಕ್ಸಿಫ್' ಅನ್ನುವ ನಾಲ್ಕು ಅಕ್ಷರ ಸಿಗುತ್ತವೆ. ಸ್ವಲ್ಪ ಮುಂದೆ ನಿಮ್ಮ ಫೋನ್ ಕಂಪನಿಯ ಹೆಸರು. ಅದರ ಹತ್ತಿರದಲ್ಲೇ ಫೋಟೋ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಚಿತ್ರ ಶುರುವಾಗುವ ಮೊದಲೇ ಅಲ್ಲೊಂದು ಚೀಟಿ ಇದೆ!

ಈ ಚೀಟಿ ಕೂರುವ ರೀತಿ ಬಹಳ ಚೆಂದ. ಕೊಡಗಿಗೆ ರೈಲು ಇಲ್ಲ, ಆದರೂ ರೈಲಿನ ಹೋಲಿಕೆಯೇ ಇಲ್ಲಿ ಸರಿಹೊಂದುತ್ತದೆ. ಜೆಪೆಗ್ ಫೈಲು ಅಂದರೆ ಒಂದರ ಹಿಂದೊಂದು ಬೋಗಿ. ಬೈಟ್ ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ. ಮೊದಲ ಎರಡು ಬೈಟ್ 255, 216. ಅಂದರೆ 'ಇದು ಜೆಪೆಗ್'. ಆಮೇಲೆ 255, 225 ಬಂದರೆ 'ಇಲ್ಲಿಂದ ಚೀಟಿಯ ಬೋಗಿ'. ಮುಂದಿನ ಎರಡು ಬೈಟ್ ಆ ಬೋಗಿಯ ಉದ್ದ ಹೇಳುತ್ತವೆ. ಎರಡು ಬೈಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,535. ಹಾಗಾಗಿ ಬೋಗಿ ಅದಕ್ಕಿಂತ ಉದ್ದ ಆಗುವಂತಿಲ್ಲ. ಚೀಟಿ ಓದಲು ಬಾರದ ಸಾಫ್ಟ್‌ವೇರ್ ಏನು ಮಾಡುತ್ತದೆ? ಉದ್ದ ನೋಡಿಕೊಂಡು ಬೋಗಿಯನ್ನು ದಾಟಿ ಸೀದಾ ಚಿತ್ರಕ್ಕೆ ಹೋಗುತ್ತದೆ. ಮನೆಯೊಳಗೆ ನಡೆಯುವಾಗ ನಿದ್ದೆ ಮಾಡುತ್ತಿರುವವರನ್ನು ದಾಟಿಹೋಗುವ ಹಾಗೆ, ಯಾರಿಗೂ ತೊಂದರೆ ಇಲ್ಲ. 

ಬೋಗಿಯ ಒಳಗೆ ಅಂಚೆ ಕಚೇರಿಯ ಹಾಗೆ ನಂಬರು ಹಾಕಿದ ಗೂಡುಗಳು. 315ನೇ ಗೂಡು ತೆಗೆದವರ ಹೆಸರಿಗೆ. 33432 ಕಾಪಿರೈಟ್‌ಗೆ. ಯಾವ ದೇಶದ ಯಾವ ಸಾಫ್ಟ್‌ವೇರ್ ಆದರೂ 33432ರಲ್ಲಿ ಕೈ ಹಾಕಿದರೆ ಸಿಗಬೇಕಾದ್ದು ಹಕ್ಕುದಾರರ ಹೆಸರೇ.

ಇದು ಯಾರೋ ಒಬ್ಬರು ಒಂದೇ ದಿನ ಕೂತು ಕಟ್ಟಿದ್ದಲ್ಲ. ಸುದ್ದಿಸಂಸ್ಥೆಗಳ ಒಕ್ಕೂಟವಾದ ಐಪಿಟಿಸಿ 1991ರಲ್ಲಿ ಸುದ್ದಿಯ ಜೊತೆ ವಿವರ ಕಳಿಸುವ ಪದ್ಧತಿ ಮಾಡಿತು. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದವರು ಕ್ಯಾಮೆರಾಗಳಿಗಾಗಿ ಎಕ್ಸಿಫ್ ತಂದರು. 2001ರಲ್ಲಿ ಅಡೋಬಿ ಕಂಪನಿ ಎಕ್ಸ್‌ಎಂಪಿ ತಂದಿತು. ಹಾಗಾಗಿ ಇವತ್ತು ಒಂದೇ ಫೋಟೋದಲ್ಲಿ ಮೂರು ಚೀಟಿ ಇರಬಹುದು. ನಮಗೆ ಮುಖ್ಯವಾದ ವಿಷಯ ಒಂದಿದೆ. ಎಕ್ಸಿಫ್‌ನ ಹೆಸರು, ಕಾಪಿರೈಟ್ ಗೂಡುಗಳು 128 ಚಿಹ್ನೆಗಳ ಹಳೆಯ ಆಸ್ಕಿ ಪಟ್ಟಿಗೆ ಮಾಡಿದವು. ಅಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. 2023ರ ಎಕ್ಸಿಫ್ 3.0 ಬಂದಾಗಲೇ ಆ ಬಾಗಿಲು ತೆರೆದದ್ದು. ಎಕ್ಸ್‌ಎಂಪಿಯಲ್ಲಿ ಮಾತ್ರ ಮೊದಲಿನಿಂದಲೂ ಕನ್ನಡದಲ್ಲೇ ಹೆಸರು ಬರೆಯಬಹುದಿತ್ತು. ನಾನು ಎರಡೂ ಕಡೆ ಬರೆಯುತ್ತೇನೆ. ಎಕ್ಸಿಫ್‌ನಲ್ಲಿ ಇಂಗ್ಲಿಷ್, ಎಕ್ಸ್‌ಎಂಪಿಯಲ್ಲಿ ಕನ್ನಡ.

ಬರೆಯುವುದು ಸುಲಭ. ದೊಡ್ಡ ಕ್ಯಾಮೆರಾ ಇದ್ದರೆ ಸೆಟಪ್ ಮೆನುವಿನಲ್ಲಿ ಕಾಪಿರೈಟ್ ಅನ್ನುವ ಜಾಗ ಹುಡುಕಿ ಒಮ್ಮೆ ಹೆಸರು ತುಂಬಿದರೆ ಮುಂದಿನ ಎಲ್ಲ ಫೋಟೋಗಳಲ್ಲೂ ತಾನಾಗಿ ಕೂರುತ್ತದೆ. ವಿಂಡೋಸ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್. ಸಾವಿರಾರು ಫೋಟೋ ಇದ್ದರೆ ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್ ಒಂದೇ ಸಲಕ್ಕೆ ಮುಗಿಸಿಕೊಡುತ್ತದೆ.

ಮಾವ ಕೇಳಿದರು: "ಹಾಗಾದ್ರೆ ಯಾರೂ ಕದಿಯೋಕೆ ಆಗಲ್ವಾ?" ಆಗುತ್ತದೆ. ಚೀಟಿ ಬೀಗ ಅಲ್ಲ. ಕಾಫಿ ಚೀಲದ ಮೇಲೆ ತೋಟದ ಹೆಸರು ಬರೆದಿರುತ್ತೇವೆ. ಚೀಲ ಹಾಗೇ ಹೋದರೆ ಹೆಸರೂ ಹೋಗುತ್ತದೆ. ಬೀಜವನ್ನು ರಾಶಿಗೆ ಸುರಿದು ಬೇರೆ ಚೀಲಕ್ಕೆ ತುಂಬಿದರೆ? ಬೀಜ ಅದೇ, ಹೆಸರು ಹೋಯಿತು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ಆಗುವುದು ಇದೇ. ಗಾತ್ರ ಕಡಿಮೆ ಮಾಡಲು ಚಿತ್ರವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತದೆ. ಚೀಟಿ ಹಳೆಯ ಚೀಲದಲ್ಲೇ ಉಳಿಯಿತು. ಸ್ಕ್ರೀನ್‌ಶಾಟ್ ತೆಗೆದರೂ ಹಾಗೇ. 'ಡಾಕ್ಯುಮೆಂಟ್' ಅಂತ ಕಳಿಸಿದರೆ ಮಾತ್ರ ಚೀಲ ಹೊಲಿಗೆ ಬಿಚ್ಚದೆ ತಲುಪುತ್ತದೆ. ನಮ್ಮ ಗ್ರೂಪಿನಲ್ಲಿ ಈಗ ಒಳ್ಳೆಯ ಫೋಟೋಗಳಿಗೆ ಇದೇ ಪದ್ಧತಿ.

ಚೀಟಿ ಕಿತ್ತವರಿಗೆ ಕಾನೂನು ಸುಮ್ನೆ ಬಿಡುವುದಿಲ್ಲ. 2012ರ ತಿದ್ದುಪಡಿಯಲ್ಲಿ 65ಬಿ ಅನ್ನುವ ಕಲಂ ಬಂತು. ಹಕ್ಕಿನ ವಿವರವನ್ನು ಅನುಮತಿ ಇಲ್ಲದೆ, ಗೊತ್ತಿದ್ದೂ ಅಳಿಸಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಚೀಟಿಯೇ ಇಲ್ಲದ ಫೋಟೋದಿಂದ ಅಳಿಸಲು ಏನೂ ಇರುವುದಿಲ್ಲ, ಅಲ್ವಾ?

ಇನ್ನೊಂದು ತಪ್ಪು ತಿಳುವಳಿಕೆ ಮದುವೆ ಫೋಟೋಗಳದ್ದು. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು ಅಂತ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಹಾಗಾಗಿ ಅಲ್ಲಿ 315ನೇ ಗೂಡಿಗೆ ಫೋಟೋಗ್ರಾಫರ್ ಹೆಸರು, 33432ಕ್ಕೆ ಮನೆಯವರ ಹೆಸರು. ಎರಡು ಗೂಡು ಬೇರೆ ಬೇರೆ ಯಾಕಿವೆ ಅಂತ ಈಗ ಗೊತ್ತಾಯಿತಲ್ಲ.

ಮತ್ತೊಂದು ಎಚ್ಚರಿಕೆ. ಇದೇ ಚೀಟಿಯಲ್ಲಿ ಫೋಟೋ ತೆಗೆದ ಜಾಗದ ಜಿಪಿಎಸ್ ಗುರುತು ಕೂಡ ಇರಬಹುದು. ತೋಟದ ಅಂಚಿನ ಮರದಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿದ್ದರೆ, ಆ ಫೋಟೋವನ್ನು ಹಾಗೇ ಹಾಕುವುದೂ ಮರಕ್ಕೆ ದಾರಿ ಬರೆದು ಕೊಡುವುದೂ ಒಂದೇ. ಚೀಟಿಯನ್ನೇ ಕೀಳಬೇಡಿ. ಜಾಗ ಅಳಿಸಿ, ಹೆಸರು ಬಿಡಿ.

ಮಾವನ ಮನೆಯ ಗೋಡೆಯಲ್ಲಿ ಅವರ ಅಜ್ಜಿಯ ಒಂದು ಫೋಟೋ ಇದೆ. ಕೊಡವ ಸೀರೆ, ಹಿಂದಕ್ಕೆ ನೆರಿಗೆ, ತಲೆಗೆ ವಸ್ತ್ರ. ಹೋದ ಭಾನುವಾರ ಸ್ಕ್ಯಾನ್ ಮಾಡೋಣ ಅಂತ ಚೌಕಟ್ಟು ಬಿಚ್ಚಿದೆವು. ಹಿಂದೆ ನೇರಳೆ ಬಣ್ಣದಲ್ಲಿ ಸ್ಟುಡಿಯೋದ ಮೊಹರು, ಕೆಳಗೆ ಪೆನ್ಸಿಲ್‌ನಲ್ಲಿ ಒಂದು ನಂಬರ್. ಸ್ಕ್ಯಾನರ್ ನೋಡುವುದು ಮುಂದಿನ ಮುಖ ಮಾತ್ರ. ಮಾವ ಮೊಹರನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು, ನಾನು ಟೈಪ್ ಮಾಡಿದೆ. 315ನೇ ಗೂಡಿಗೆ ಸ್ಟುಡಿಯೋ ಹೆಸರು ಹೋಯಿತು. ವಿವರದ ಜಾಗಕ್ಕೆ ಅಜ್ಜಿಯ ಹೆಸರು, ಊರು, ಪೆನ್ಸಿಲ್ ನಂಬರ್. ಕಾಪಿರೈಟ್ ಗೂಡಿಗೆ ತಮ್ಮ ಹೆಸರು ಹಾಕಲೇ ಅಂತ ಮಾವ ಕೇಳಿದರು. ಬೇಡ, ತೆಗೆದವರೂ ನಾವಲ್ಲ, ತೆಗೆಸಿದವರೂ ನಾವಲ್ಲ ಅಂದೆ. ಅವರು ತಲೆಯಾಡಿಸಿ ಮುಂದಿನ ಚೌಕಟ್ಟಿನ ಮೊಳೆ ಕೀಳತೊಡಗಿದರು.